ಗೀರು ಅಂದದ್ದು ನಾನು

ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ಆ ಕಚೇರಿಯಲ್ಲಿ ಎಲ್ಲರೂ ಅವರನ್ನು ವಕೀಲರು ಎಂದೇ ಕರೆಯುತ್ತಿದ್ದರು. ಅವರೇನೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಬೇರೆಯವರ ಪರವಾಗಿ ಮಾತಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಅಷ್ಟೆ. ಗಾಲಿಕುರ್ಚಿಯ ಹುಡುಗಿಯೊಬ್ಬಳಿಗೆ ಮೂರನೇ ಮಹಡಿಯ ಕಂಪನಿಯಲ್ಲಿ ಕೆಲಸ ಕೇಳಲು ಹೋದಾಗ, "ಅವಳನ್ನ ಮೇಲಕ್ಕೆ ಹತ್ತಿಸೋದಕ್ಕಿಂತ ನಿಮ್ಮ ಒಂದು ಮೇಜನ್ನ ಕೆಳಕ್ಕೆ ಇಳಿಸೋದು ಸುಲಭ ಸ್ವಾಮಿ" ಎಂದು ಮಾಲೀಕನನ್ನು ನಗಿಸಿದ್ದರು. ನಗು ಮುಗಿಯುವಷ್ಟರಲ್ಲಿ ಮೇಜು ಕೆಳಗೆ ಬಂದಿತ್ತು.

ಈ ಕಲೆ ಮನೆಯಲ್ಲೇ ಕಲಿತದ್ದು. ಅವರ ಅಣ್ಣನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಅಣ್ಣನ ಕೈಮಾತು ಮನೆಯೊಳಗೆ ಎಲ್ಲರಿಗೂ ತಿಳಿಯುತ್ತಿತ್ತು, ಹೊಸ್ತಿಲು ದಾಟಿದರೆ ತಮ್ಮನೇ ಬಾಯಿ. ಅಂಗಡಿಯಲ್ಲಾಗಲಿ, ಡಾಕ್ಟರ ಹತ್ತಿರವಾಗಲಿ, ಅಣ್ಣ ಸಿಟ್ಟಿನಿಂದ ಕೈಬೀಸಿ ಏನೋ ಹೇಳಿದರೆ ತಮ್ಮ ಅದರ ಮುಳ್ಳು ಕಿತ್ತು, ಮೆತ್ತಗೆ ಮಾಡಿ ಎದುರಿನವರಿಗೆ ದಾಟಿಸುತ್ತಿದ್ದ. "ಏನಂದ ಅವನು?" ಎಂದು ಯಾರಾದರೂ ಕೇಳಿದರೆ, "ಏನಿಲ್ಲ, ಆಯ್ತು ಅಂದ." ಜಗಳಗಳು ತಪ್ಪುತ್ತಿದ್ದವು. ಚಿಕ್ಕವನು ಜಾಣ ಎಂದು ಅಮ್ಮ ಹೊಗಳುತ್ತಿದ್ದಳು.

ಊರ ಹೊರಗಿನ ಸಂಶೋಧನಾ ಕೇಂದ್ರದಿಂದ ಒಂದು ಕಾಗದ ಬಂದದ್ದು ವಕೀಲರಿಗೆ ನಲವತ್ತೆಂಟು ತುಂಬಿದ ವರ್ಷ. ಸೂಕ್ಷ್ಮದರ್ಶಕದ ಮುಂದೆ ದಿನವಿಡೀ ಕೂರಬಲ್ಲವರು ಬೇಕು ಎಂದಿತ್ತು. ಕೇಂದ್ರದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುತ್ತಿದ್ದ ವಿಜ್ಞಾನಿ, ಕೆಲಸ ಏನೆಂದು ತಾವೇ ವಿವರಿಸಿದರು.

"ದೂರದಲ್ಲೆಲ್ಲೋ ನಕ್ಷತ್ರ ಸಿಡಿಯುತ್ತೆ ಅಂದುಕೊಳ್ಳಿ. ಅದರೊಳಗಿನ ಪರಮಾಣು ಬೀಜಗಳು ಆಕಾಶದ ತುಂಬ ಚೆಲ್ಲಿಕೊಂಡು ಹೋಗ್ತವೆ. ಕೆಲವು ಇಲ್ಲಿಗೂ ಬರ್ತವೆ. ನಾವು ಫೋಟೊ ಲೇಪ ಬಳಿದ ಪ್ಲೇಟುಗಳನ್ನ ಒಂದರ ಮೇಲೊಂದು ಜೋಡಿಸಿ ಬಲೂನಿಗೆ ಕಟ್ಟಿ ಮೇಲೆ ಕಳಿಸ್ತೀವಿ. ಬೀಜ ಅದರೊಳಗೆ ತೂರಿ ಹೋದರೆ ಕಪ್ಪು ಚುಕ್ಕಿಗಳ ಜಾಡು ಉಳಿಯುತ್ತೆ. ಭಾರದ ಬೀಜ ಆದಷ್ಟೂ ಜಾಡು ದಪ್ಪ. ಆ ಜಾಡು ಹುಡುಕೋರು ಬೇಕು."

ಮೊದಲು ಕಳಿಸಿದವನು ಕಣ್ಣುರಿ ಎಂದು ವಾರದೊಳಗೆ ಬಿಟ್ಟ. ಎರಡನೆಯವನಿಗೆ ಒಂದು ಕೈ ಇರಲಿಲ್ಲ, ಕೆಲಸದಲ್ಲಿ ಚುರುಕು, ಆದರೆ ಮೇಲ್ವಿಚಾರಕನ ತಪ್ಪು ಎತ್ತಿ ಆಡಿದ. "ಎದುರುತ್ತರ ಕೊಡೋರು ನಮಗೆ ಬೇಡ" ಎಂದು ಮೇಲ್ವಿಚಾರಕ ವಾಪಸು ಕಳಿಸಿದ. ಮೂರನೆಯವಳು ಇಪ್ಪತ್ತಾರು ವರ್ಷದ ಹುಡುಗಿ, ಕಿವಿ ಕೇಳಿಸದು, ಮಾತು ಬಾರದು. ತಿಂಗಳೊಳಗೆ ಆ ಕೋಣೆಯವರು ಅವಳಿಗೆ ಚುಕ್ಕಿ ಎಂದು ಹೆಸರಿಟ್ಟರು. ಉಳಿದ ನಾಲ್ವರು ದಿನಕ್ಕೆ ನೋಡುವಷ್ಟನ್ನು ಅವಳು ಮಧ್ಯಾಹ್ನಕ್ಕೇ ನೋಡಿ ಮುಗಿಸುತ್ತಿದ್ದಳು. ಪರದೆ ಎಳೆದ ಮಬ್ಬು ಕೋಣೆಯಲ್ಲಿ, ಎಣ್ಣೆಯ ಒಂದು ತೊಟ್ಟು ಹಾಕಿದ ಪ್ಲೇಟಿನ ಮೇಲೆ ಕಣ್ಣಿಟ್ಟು, ಎಡಗೈಯಲ್ಲಿ ತಿರುಪು ತಿರುಗಿಸುತ್ತ, ಬಲಗೈಯಲ್ಲಿ ದಪ್ಪ ದಾಖಲೆ ಪುಸ್ತಕದಲ್ಲಿ ಅಂಕಿ ಬರೆಯುತ್ತ ಕೂತಿರುತ್ತಿದ್ದಳು.

ಅವಳ ನೌಕರಿ ಕಾಯಂ ಆಗಲು ಮೂರು ವಾರ ಬಾಕಿ ಇದ್ದಾಗ ವಕೀಲರಿಗೆ ಕರೆ ಬಂತು. ಚುಕ್ಕಿ ಹಟ ಹಿಡಿದಿದ್ದಾಳೆ, ಏನು ಹೇಳುತ್ತಿದ್ದಾಳೆಂದು ತಿಳಿಯುತ್ತಿಲ್ಲ, ಬನ್ನಿ.

ಹೋದಾಗ ಮೇಡಂ ಕೋಣೆಯಲ್ಲಿ ಮೇಡಂ, ಮೇಲ್ವಿಚಾರಕ, ಚುಕ್ಕಿ ಮೂವರೂ ಇದ್ದರು. ದಾಖಲೆ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. "ಪ್ಲೇಟಿನ ಮೇಲೆ ಒಂದು ಗೀರು ಬಿದ್ದಿದೆ" ಎಂದ ಮೇಲ್ವಿಚಾರಕ. "ತೊಳೆಯೋವಾಗ ಬಿದ್ದಿರೋದು. ಇವಳು ಅದನ್ನೇ ದೊಡ್ಡ ಜಾಡು ಅಂತ ಬರೆದಿದ್ದಾಳೆ. ಹೊಡೆದುಹಾಕು ಅಂದ್ರೆ ಹಾಕ್ತಿಲ್ಲ."

ಚುಕ್ಕಿ ವಕೀಲರ ಕಡೆ ತಿರುಗಿ ಕೈಯಾಡಿಸಿದಳು. ಒಂದು ಅಂಗೈಯನ್ನು ಪ್ಲೇಟು ಮಾಡಿ, ಇನ್ನೊಂದು ಕೈಯ ಬೆರಳನ್ನು ಅದರ ಮೇಲೆ ಎಳೆದು ಅಲ್ಲವೆಂದು ತಲೆಯಾಡಿಸಿದಳು. ಆಮೇಲೆ ಬೆರಳನ್ನು ಓರೆಯಾಗಿ ಅಂಗೈಯ ಕೆಳಗೆ ಇಳಿಸಿದಳು. ಇನ್ನೊಂದು ಪ್ಲೇಟು ತೋರಿಸಿದಳು, ಅದರೊಳಗೂ ಬೆರಳು ಅದೇ ಓರೆಯಲ್ಲಿ ಇಳಿಯಿತು. ಗೀರು ಮೇಲ್ಮೈಯಲ್ಲೇ ಇರುತ್ತದೆ. ಇದು ಆಳಕ್ಕೆ ಹೋಗಿದೆ, ಕೆಳಗಿನ ಪ್ಲೇಟಿನಲ್ಲೂ ಮುಂದುವರಿದಿದೆ. ಬೇಕಾದರೆ ಇವರು ಬಂದು ನೋಡಲಿ, ನೋಡದೆ ಗೀರು ಅನ್ನುವುದು ಸೋಮಾರಿತನ.

ವಕೀಲರಿಗೆ ಒಂದಕ್ಷರ ಬಿಡದೆ ಅರ್ಥವಾಗಿತ್ತು. ಮೇಲ್ವಿಚಾರಕನ ಮುಖ ನೋಡಿದರು. ಎರಡನೆಯವನನ್ನು ವಾಪಸು ಕಳಿಸಿದ ದಿನದ ಮುಖವೇ ಅದು.

"ಏನಂತಾಳ್ರೀ?" ಎಂದರು ಮೇಡಂ.

"ಗೀರೇ ಇರಬಹುದು ಅಂತಾಳೆ ಮೇಡಂ. ಹೊಸಬಳು, ಗೊತ್ತಾಗಲಿಲ್ಲವಂತೆ."

ಚುಕ್ಕಿ ಮೇಜಿನ ಮೇಲಿದ್ದ ಪೆನ್ಸಿಲಿಗೆ ಕೈ ಚಾಚಿದಳು. ವಕೀಲರು ಆ ಕೈಯ ಮೇಲೆ ತಮ್ಮ ಕೈಯಿಟ್ಟು, ಸಮಾಧಾನ ಮಾಡುವವರಂತೆ ಮೆಲ್ಲಗೆ ತಟ್ಟಿದರು. ಅವಳು ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮೇಲ್ವಿಚಾರಕ ಆ ಸಾಲಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 'ಗೀರು' ಎಂದು ಬರೆದ. ಮೂರು ವಾರಕ್ಕೆ ನೌಕರಿ ಕಾಯಂ ಆಯಿತು. ಕಚೇರಿಯ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಚುಕ್ಕಿಯ ಫೋಟೊ, ಕೆಳಗೆ ವಕೀಲರ ಶ್ರಮದ ಬಗ್ಗೆ ನಾಲ್ಕು ಒಳ್ಳೆಯ ಮಾತು.

ಮೂರು ವರ್ಷದ ಮೇಲೆ ಇನ್ನೊಬ್ಬ ಅಭ್ಯರ್ಥಿಯ ಅರ್ಜಿ ಹಿಡಿದು ಅದೇ ಕೋಣೆಗೆ ಹೋದರು. ಮೇಡಂ ಅರ್ಜಿ ಮುಟ್ಟಲಿಲ್ಲ.

"ಇನ್ನು ಜನ ತಗೊಳಲ್ಲ ಕಣ್ರೀ. ಹೊಸ ಮಷೀನು ಬಂದಿದೆ, ಪ್ಲೇಟುಗಳನ್ನ ತಾನೇ ನೋಡುತ್ತೆ. ಹಳೆಯವನ್ನೆಲ್ಲ ಅದಕ್ಕೆ ಹಾಕಿ ನೋಡಿದ್ವಿ. ಕಬ್ಬಿಣಕ್ಕಿಂತ ಎಷ್ಟೋ ಭಾರದ ಒಂದು ಬೀಜದ ಜಾಡು ಸಿಕ್ತು, ಎರಡು ಪ್ಲೇಟು ದಾಟಿ ಹೋಗಿದೆ. ನಮ್ಮಲ್ಲಿ ಅಂಥದು ಇದೊಂದೇ. ಮೂರು ವರ್ಷದಿಂದ ಕಪಾಟಿನಲ್ಲೇ ಇತ್ತು, ಮನುಷ್ಯರ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕೇ ಮುಂದಿನ ತಿಂಗಳಿಂದ ಆ ಕೋಣೆ ಮುಚ್ಚೋಣ ಅಂತ."

ವಕೀಲರು ಅರ್ಜಿ ಮಡಚಿಕೊಂಡು ಎದ್ದು ಬಂದರು.

ಹನ್ನೊಂದು ದಿನ ಸುಮ್ಮನಿದ್ದರು. ಊಟದ ತಟ್ಟೆ ಮುಂದೆ ಕೈ ಕೊಳೆಯಾದವರಂತೆ ಅನ್ನ ಮುಟ್ಟದೆ ಕೂರುತ್ತಿದ್ದ ಗಂಡನನ್ನು ನೋಡಿ ನೋಡಿ ಸಾಕಾಗಿ ಹೆಂಡತಿ ಒಂದು ದಿನ ಕೇಳಿಯೇಬಿಟ್ಟಳು. ಹೇಳಿದರು. ಚುಕ್ಕಿಯ ನೌಕರಿ ಉಳಿಯಲಿ ಅಂತ ಹಾಗಂದೆ ಎಂದೂ ಸೇರಿಸಿದರು.

"ಅವಳ ನೌಕರಿ ಒಂದೇನಾ?" ಎಂದಳು ಹೆಂಡತಿ. "ವರ್ಷಕ್ಕೆ ಇಷ್ಟು ಜನಕ್ಕೆ ಕೆಲಸ ಕೊಡಿಸ್ಬೇಕು ಅನ್ನೋ ನಿಮ್ಮ ಲೆಕ್ಕಕ್ಕೆ ಆ ವರ್ಷ ಒಬ್ಬರು ಕಮ್ಮಿ ಬಿದ್ದಿದ್ರು. ನನಗೆ ನೆನಪಿದೆ."

ಅದೂ ನಿಜವೇ.

"ಅವಳು ಏನಂದಳು, ನೀವು ಏನಂದ್ರಿ, ಎರಡನ್ನೂ ಹೋಗಿ ಹೇಳಿ. ಅಲ್ಲಿ ವಕೀಲಿಕೆ ಮಾಡಬೇಡಿ."

ಮರುದಿನ ಊಟದ ಬಿಡುವಿನಲ್ಲಿ ಚುಕ್ಕಿ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ವಕೀಲರು ಎರಡು ಮೆಟ್ಟಿಲು ಕೆಳಗೆ ಕೂತು ಕೈಮಾತಿನಲ್ಲಿ ಹೇಳತೊಡಗಿದರು. ಅವಳು ನಡುವೆಯೇ ನಿಲ್ಲಿಸಿ ಬ್ಯಾಗಿನಿಂದ ಪುಸ್ತಕ ತೆಗೆದು ಬರೆದಳು.

"ಗೊತ್ತು. ಅವತ್ತೇ ಗೊತ್ತು. ನಿಮ್ಮ ತುಟಿ ಓದಿದೆ."

ತುಟಿ ಓದಬಲ್ಲಳೆಂದು ಅವಳ ಅರ್ಜಿಯಲ್ಲಿ ವಕೀಲರೇ ತುಂಬಿದ್ದರು. ಮೂರು ವರ್ಷದಲ್ಲಿ ಎಷ್ಟು ಸಲ ಭೇಟಿಗೆ ಬಂದು ಬೆನ್ನು ತಟ್ಟಿ, ಚೆನ್ನಾಗಿದ್ದೀಯಾ ಎಂದು ಕೇಳಿದ್ದರು. ಅವಳು ಪ್ರತಿ ಸಲವೂ ಹೌದೆಂದು ತಲೆಯಾಡಿಸಿದ್ದಳು.

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದರು.

"ಬರೆದು ಕೊಟ್ಟರೂ ಅದೇನು ಅಂತ ಕೇಳೋಕೆ ನಿಮ್ಮನ್ನೇ ಕರೀತಿದ್ರು" ಎಂದು ಬರೆದಳು. ಕೈಮಾತು ಕಲಿತದ್ದು ಅಣ್ಣನಿಂದ ಎಂದು ವಕೀಲರೇ ಹಿಂದೊಮ್ಮೆ ಅವಳಿಗೆ ಹೇಳಿದ್ದರು. ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದಳು. "ನಿಮ್ಮ ಅಣ್ಣನಿಗೂ ಹೀಗೇ ಮಾಡ್ತಿದ್ರಾ?"

ಅಣ್ಣ ತೀರಿಕೊಂಡು ಆರು ವರ್ಷವಾಗಿತ್ತು. ಒಂದು ವಯಸ್ಸಿನ ನಂತರ ಹೊರಗೆ ಬರುವುದನ್ನೇ ಬಿಟ್ಟಿದ್ದ, ಅವನ ಸ್ವಭಾವವೇ ಹಾಗೆಂದು ಮನೆಯವರೆಲ್ಲ ಅಂದುಕೊಂಡಿದ್ದರು. ವಕೀಲರು ಆ ಸಾಲನ್ನು ಓದಿದರು, ಇನ್ನೊಮ್ಮೆ ಓದಿದರು, ಎದ್ದು ಮೇಡಂ ಕೋಣೆಯ ಕಡೆ ಕೈ ತೋರಿಸಿದರು.

ಇಬ್ಬರೂ ಒಟ್ಟಿಗೇ ಮೇಡಂ ಕೋಣೆಗೆ ಹೋದರು. "ಅವತ್ತು ಇವಳು ಗೀರಲ್ಲ ಅಂದಳು. ಆಳಕ್ಕೆ ಹೋಗಿದೆ, ಕೆಳಗಿನ ಪ್ಲೇಟಲ್ಲೂ ಇದೆ ಅಂದಳು. ಗೀರು ಅಂದದ್ದು ನಾನು" ಎಂದರು ವಕೀಲರು. ಬೇರೇನೂ ಸೇರಿಸಲಿಲ್ಲ.

ಮೇಡಂ ಹಳೆಯ ದಾಖಲೆ ಪುಸ್ತಕ ತರಿಸಿದರು. ಅಡ್ಡಗೆರೆಯ ಕೆಳಗೆ ಚುಕ್ಕಿಯ ದುಂಡನೆಯ ಅಕ್ಷರ ಸ್ಪಷ್ಟವಾಗಿತ್ತು. ಮಷೀನು ಕೊಟ್ಟ ಅಂಕಿಗಳ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದೇ ಜಾಗ.

"ನಾನೂ ಎದ್ದು ಹೋಗಿ ನೋಡಬಹುದಿತ್ತು" ಎಂದರು ಮೇಡಂ. "ಇಪ್ಪತ್ತು ಹೆಜ್ಜೆ ಅಷ್ಟೇ." ಆಮೇಲೆ ವಕೀಲರನ್ನು ಬಿಟ್ಟು ಚುಕ್ಕಿಯ ಕಡೆಗೆ ತಿರುಗಿ, ಒಂದು ಹಾಳೆಯನ್ನೂ ಪೆನ್ನನ್ನೂ ಅವಳ ಮುಂದಿಟ್ಟು, ಬೇರೆ ಎಲ್ಲಿಯಾದರೂ ಹೀಗೆ ಹೊಡೆದುಹಾಕಿದ ಸಾಲುಗಳಿವೆಯೇ ಎಂದು ಬರೆದು ಕೇಳಿದರು. ಚುಕ್ಕಿ ಏಳು ಪುಟಗಳ ಸಂಖ್ಯೆ ಬರೆದಳು. ನೆನಪಿನಿಂದಲೇ.

ಆ ಏಳರಲ್ಲಿ ಎರಡು ನಿಜವಾದ ಜಾಡುಗಳಾಗಿದ್ದವು. ಎರಡನ್ನೂ ಮಷೀನು ಕಸವೆಂದು ಬಿಟ್ಟಿತ್ತು. ಕೋಣೆ ಮುಚ್ಚಲಿಲ್ಲ, ಮಷೀನು ಬಿಟ್ಟದ್ದನ್ನು ನೋಡಲು ಚುಕ್ಕಿ ಮತ್ತು ಇನ್ನಿಬ್ಬರು ಉಳಿದರು. ಸಂಶೋಧನಾ ಲೇಖನದಲ್ಲಿ ಜಾಡನ್ನು ಮೊದಲು ಕಂಡವಳೆಂದು ಅವಳ ಹೆಸರೂ ತಾರೀಖೂ ಬಂದವು. ಆದರೆ ಆ ಕೋಣೆಯ ಮತ್ತಿಬ್ಬರಿಗೆ ಕೆಲಸ ಮುಗಿಯಿತೆಂಬ ಕಾಗದ ವಕೀಲರು ನಿಜ ಹೇಳುವ ಹಿಂದಿನ ವಾರವೇ ಹೋಗಿಬಿಟ್ಟಿತ್ತು. ವಕೀಲರು ಹನ್ನೊಂದು ದಿನ ಸುಮ್ಮನಿದ್ದರಲ್ಲ, ಆ ದಿನಗಳಲ್ಲೇ.

ಕೆಲವು ದಿನದ ನಂತರ ಕಚೇರಿಗೆ ಚುಕ್ಕಿಯ ಪತ್ರ ಬಂತು. ಮುಂದಿನ ಭೇಟಿಗಳಿಗೆ ವಕೀಲರು ಬರುವುದು ಬೇಡ, ಕೈಮಾತು ಓದಿ ಪಾಸಾದ ಬೇರೆ ಯಾರನ್ನಾದರೂ ಕಳಿಸಿ ಎಂದಿತ್ತು. ಅದಕ್ಕೆ ಮಂಜೂರಾತಿಯ ಸಹಿ ಹಾಕಬೇಕಾದವರು ವಕೀಲರೇ. ಹಾಕಿದರು. ಮೇಲಧಿಕಾರಿ "ಇದೇನ್ರೀ, ಕೆಲಸ ಕೊಡಿಸಿದವರಿಗೇ ಹೀಗಾ?" ಎಂದಾಗ, "ಅವಳು ಕೇಳಿದ್ದು ಸರಿಯಾಗಿದೆ ಸಾರ್, ಹಾಗೇ ಮಾಡಿ" ಎಂದರು. ಈ ಸಲ ಅವಳ ಮಾತನ್ನು ತಡಮಾಡದೆ, ಇದ್ದಂತೆ ದಾಟಿಸಿದ್ದರು.

ಕೆಲಸ ಕಳೆದುಕೊಂಡ ಇಬ್ಬರಲ್ಲಿ ಒಬ್ಬರಿಗೆ ಕನ್ನಡಕದ ಗಾಜು ಪರೀಕ್ಷಿಸುವ ಕಡೆ ಜಾಗ ಸಿಕ್ಕಿತು. ಇನ್ನೊಬ್ಬಳಿಗೆ ಐವತ್ತು ದಾಟಿದೆ, ಬೆನ್ನು ಗೂನು. ವಕೀಲರು ಪ್ರತಿ ಬೆಳಿಗ್ಗೆ ಕಚೇರಿಗೆ ಬಂದೊಡನೆ ಅವಳಿಗಾಗಿ ಎರಡು ಕಡೆ ಫೋನು ಮಾಡುತ್ತಾರೆ. ಇನ್ನೂ ಯಾರೂ ಒಪ್ಪಿಲ್ಲ.