ಕಚ್ಚುವ ಬೊಳ್ಳನೂ ನಮ್ಮ ಟೈಲರ್ ಕಾಕನೂ

ಟೈಲರ್ ಕಾಕನ ಎಡಗೈಯ ತೋರುಬೆರಳಿಗೆ ಉಗುರೇ ಇರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ನುಣುಪಾದ, ತುಸು ಹೊಳೆಯುವ ಚರ್ಮ. ಅಳತೆ ತೆಗೆಯುವಾಗ ಆ ಬೆರಳಿನಿಂದಲೇ ಟೇಪನ್ನು ನಮ್ಮ ಭುಜಕ್ಕೆ ಒತ್ತಿ ಹಿಡಿಯುತ್ತಿದ್ದರು. ಸಣ್ಣವಳಿದ್ದಾಗ ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟಿದ್ದೆ.

"ಮಿಷನ್ನಿನ ಸೂಜಿ ತಿಂದದ್ದು," ಎಂದರು. "ಸೂಜಿಗೆ ಬೈದು ಏನು ಸಿಗ್ತದೆ ಮಗಾ? ಬೆರಳು ಎಲ್ಲಿತ್ತು ಅಂತ ನೋಡ್ಬೇಕು."

ವೇಣೂರಿನ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ನಡೆದರೆ ಅವರ ಅಂಗಡಿ. ಒಂದು ಮಿಷನ್ನು, ಒಂದು ಬೆಂಚು, ಗೋಡೆಗೆ ಮಕ್ಕಾದ ಚಿತ್ರವಿದ್ದ ಹಳೆಯ ಕ್ಯಾಲೆಂಡರು. ಬಾಗಿಲಿಗೆ ಮೊಣಕಾಲೆತ್ತರದ ಹಲಗೆಯೊಂದನ್ನು ಅಡ್ಡ ಇಟ್ಟಿರುತ್ತಿದ್ದರು; ನಾವು ಅದನ್ನು ದಾಟಿಯೇ ಒಳಗೆ ಹೋಗಬೇಕಿತ್ತು. ಪಕ್ಕದ್ದು ಒಣಮೀನಿನ ಅಂಗಡಿ. ಹಾಗಾಗಿ ಕಾಕನ ಅಂಗಡಿಗೆ ಬಟ್ಟೆ ತಂದವರು ಮೂಗು ಮುಚ್ಚಿಕೊಂಡೇ ಬರುತ್ತಿದ್ದರು. ಆದರೂ ಬರುತ್ತಿದ್ದರು, ಏಕೆಂದರೆ ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೈಲರ್ ನಮ್ಮ ಸೀಮೆಯಲ್ಲಿ ಅವರೊಬ್ಬರೇ. ಬುಧವಾರ ಅಂದರೆ ಬುಧವಾರ. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡೇ "ಹೂಂ" ಎಂದರೆ ಮಾತು ಕೊಟ್ಟ ಹಾಗೆ.

ನಾನು ಎಂಟನೇ ಕ್ಲಾಸಿನಲ್ಲಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆಯಲ್ಲಿ ಬೊಳ್ಳ ಎಂಬ ಬೆಕ್ಕಿತ್ತು. ಮೈಯೆಲ್ಲ ಬಿಳಿ, ಅದಕ್ಕೆ ತುಳುವಿನಲ್ಲಿ ಇಟ್ಟ ಹೆಸರು. ನೋಡಲು ಹತ್ತಿಯ ಉಂಡೆ, ಬುದ್ಧಿ ಮಾತ್ರ ಬೇರೆ. ಅಮ್ಮ ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕುಳಿತರೆ ಸಾಕು, ಓಡುವ ಬೆರಳುಗಳ ಮೇಲೆ ಹಾರಿ ಹಲ್ಲೂರುತ್ತಿತ್ತು. ಎಲೆ, ಹೊಗೆಸೊಪ್ಪು, ನೂಲು ಎಲ್ಲ ಜಗಲಿ ತುಂಬ. ಅಜ್ಜಿ ಗುಡಿಸುವ ಹಿಡಿಸೂಡಿ ಎತ್ತಿಕೊಂಡು ಅದರ ಹಿಂದೆ ಓಡುತ್ತಿದ್ದಳು. ಮರುದಿನ ಅದು ಅಜ್ಜಿಯ ಕಾಲ ಬೆರಳಿಗೇ ಕಚ್ಚುತ್ತಿತ್ತು.

ಆ ವರ್ಷ ಅಕ್ಕ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅಜ್ಜಿ ಒಂದು ಬೆಳಿಗ್ಗೆ ಗಂಜಿ ಬಡಿಸುತ್ತಾ ತೀರ್ಪು ಕೊಟ್ಟುಬಿಟ್ಟಳು. "ಹಸಿ ಬಾಣಂತಿ, ಹಸಿ ಮಗು ಇರುವ ಮನೆಯಲ್ಲಿ ಕಚ್ಚುವ ಬೆಕ್ಕು ಬೇಡ. ಗೋಣಿಯಲ್ಲಿ ಕಟ್ಟಿ ಕೊಡ್ತೇನೆ. ಬಂಟ್ವಾಳದ ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬಾ." ಅಪ್ಪ ಬಸ್ಸಿನ ಕಂಡಕ್ಟರು, ದಿನಾ ಬಂಟ್ವಾಳಕ್ಕೆ ಹೋಗುವವರು. ಅವರು ತಲೆ ಎತ್ತದೆ "ಆಯ್ತು" ಅಂದರು. ಅಕ್ಕ ಬರಲು ಒಂದೂವರೆ ತಿಂಗಳಿತ್ತು.

ಅದೇ ವಾರ ಯೂನಿಫಾರಂ ಲಂಗದ ಅಳತೆ ಕೊಡಲು ಹೋಗಿದ್ದೆ. ಕಾಕ ನನ್ನ ಮೊಣಕೈಯವರೆಗಿನ ಗೀರುಗಳನ್ನು ನೋಡಿ ಟೇಪು ಇಳಿಸಿದರು. ಏನಿದು ಎಂದು ಕೇಳಿದ್ದೇ ತಡ, ನನಗೆ ಅಳು. ಗೋಣಿ, ಬಸ್ಸು, ಮಾರ್ಕೆಟ್ಟು ಎಲ್ಲ ಹೇಳಿದೆ. ಅವರು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಯಾವಾಗ ಕಚ್ತದೆ?"

"ಯಾವಾಗ್ಲೂ ಕಾಕಾ."

"ಯಾವಾಗ್ಲೂ ಅಂತ ಅಳತೆ ಇಲ್ಲ. ಒಂದು ವಾರ ನೋಡು. ಯಾರಿಗೆ ಕಚ್ಚಿತು, ಆಗ ಅವರು ಏನು ಮಾಡ್ತಾ ಇದ್ರು, ಕಚ್ಚುವ ಮೊದಲು ಅದರ ಬಾಲ ಹೇಗಿತ್ತು, ಕಿವಿ ಹೇಗಿತ್ತು. ಎಲ್ಲ ಬರೆದು ತಾ. ಬುಧವಾರ."

ಆ ವಾರ ನಾನು ಬೊಳ್ಳನನ್ನು ಓದಿದಷ್ಟು ಗಮನವಿಟ್ಟು ಶಾಲೆಯ ಯಾವ ಪುಸ್ತಕವನ್ನೂ ಓದಿರಲಿಲ್ಲ. ಬೆಕ್ಕಿಗೆ ಬಾಲವಿದೆ ಎಂದು ಗೊತ್ತಿತ್ತು. ಆ ಬಾಲ ಮಾತನಾಡುತ್ತದೆ ಎಂದು ಗೊತ್ತಿರಲಿಲ್ಲ. ಕಚ್ಚುವ ಮೊದಲು ಬಾಲದ ತುದಿ ಪಟಪಟ ಬಡಿಯುತ್ತದೆ, ಕಿವಿ ಹಿಂದಕ್ಕೆ ಮಲಗುತ್ತದೆ, ಬೆನ್ನಿನ ಚರ್ಮ ಜುಮ್ಮೆಂದು ಅದುರುತ್ತದೆ. ಮೂರು ದಿನ ಕಳೆಯುವಷ್ಟರಲ್ಲಿ, ಇನ್ನು ಕಚ್ಚುತ್ತದೆ ಎಂದು ನಾನು ಮುಂಚಿತವಾಗಿಯೇ ಹೇಳಬಲ್ಲವಳಾಗಿದ್ದೆ. ಖುಷಿಯಲ್ಲಿ ನಿದ್ದೆ ಬರಲಿಲ್ಲ.

ಬುಧವಾರ ಕಾಕ ನನ್ನ ಹಾಳೆಯನ್ನು ಮಿಷನ್ನಿನ ಮೇಲೆ ಹರಡಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಒಂದೊಂದು ಸಾಲಿಗೂ ಗೆರೆ ಎಳೆದರು. ಅಮ್ಮನ ಬೆರಳು. ನನ್ನ ಬೆರಳು. ಚಾದರದ ಒಳಗೆ ನನ್ನ ಕಾಲ ಬೆರಳು. ಮತ್ತೆ ಅಮ್ಮನ ಬೆರಳು.

"ನಿನ್ನ ಬೊಳ್ಳ ಮನುಷ್ಯರಿಗೆ ಕಚ್ಚುದಲ್ಲ ಮಗಾ. ಅದು ಬೆರಳಿಗೆ ಕಚ್ಚುದು. ಬೆರಳು ಅಂದ್ರೆ ಆಟದ ಸಾಮಾನು ಅಂತ ಅದಕ್ಕೆ ಕಲಿಸಿದ್ದು ಯಾರು?"

ಮರಿಯಾಗಿದ್ದಾಗ ಚಾದರದ ಕೆಳಗೆ ಬೆರಳಾಡಿಸಿ, ಅದು ಹಾರಿ ಹಾರಿ ಕಚ್ಚುವಾಗ ಬಿದ್ದು ಬಿದ್ದು ನಕ್ಕವಳು ನಾನೇ. ಆಗ ಅಕ್ಕಿಕಾಳಿನಷ್ಟು ಹಲ್ಲು. ಈಗ ಹಲ್ಲು ಬೆಳೆದಿದೆ, ಆಟ ಅದೇ.

ಕಾಕ ಬೈಯಲಿಲ್ಲ. ಉಳಿದ ರವಿಕೆ ಬಟ್ಟೆಯ ಚೂರುಗಳನ್ನು ತುಂಬಿ ಒಂದು ಇಲಿಯನ್ನು ಹೊಲಿದರು. ಅದಕ್ಕೆ ಲಂಗದ ಲಾಡಿಯನ್ನು ಬಾಲವಾಗಿ ಕಟ್ಟಿ, ಟೇಪು ಹಿಡಿದು ಅಳೆದರು. ಎರಡು ಗಜ. "ಇಷ್ಟು ದೂರ ಇರ್ಬೇಕು ನಿನ್ನ ಕೈ," ಎಂದರು. ಆ ಇಲಿಯನ್ನು ಪಕ್ಕದ ಅಂಗಡಿಯ ಒಣಮೀನಿನ ಗೋಣಿಯೊಳಗೆ ಎರಡು ದಿನ ಹೂತಿಟ್ಟು ಕೊಟ್ಟರು. ಅದನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಹೋದ ದಿನ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ.

ಇಲಿಯೊಂದಿಗೆ ಬಂದ ಮಾತುಗಳೂ ನೆನಪಿವೆ. ಅಮ್ಮ ಬೀಡಿಗೆ ಕೂರುವ ಮೊದಲು ಬೊಳ್ಳನನ್ನು ಸುಸ್ತಾಗುವಷ್ಟು ಆಡಿಸಬೇಕು, ಆಡಿದ ಮೇಲೆಯೇ ಊಟ; ಹೊಟ್ಟೆ ತುಂಬಿದ ಬೆಕ್ಕು ಮಲಗುತ್ತದೆ. ಬಾಲದ ತುದಿ ಬಡಿದರೆ ಸವರುವುದನ್ನು ನಿಲ್ಲಿಸಬೇಕು. "ಕಚ್ಚಿದ್ರೆ ಕೈ ಎಳೀಬೇಡ. ಎಳೆದ್ರೆ ಅದಕ್ಕೆ ಇಲಿ ಓಡಿದ ಹಾಗೆ. ಸತ್ತವರ ಹಾಗೆ ಸುಮ್ಮನಿರು. ಬಿಟ್ಟ ಕೂಡ್ಲೆ ಎದ್ದು ಹೋಗು. ಬೈಗುಳ ಬೇಡ, ನಗು ಬೇಡ, ಪೆಟ್ಟಂತೂ ಬೇಡವೇ ಬೇಡ. ಮನೆಯಲ್ಲಿ ಎಲ್ಲರೂ ಹೀಗೇ ಮಾಡ್ಬೇಕು. ಒಬ್ಬರು ತಪ್ಪಿದ್ರೂ ಹೊಲಿಗೆ ಬಿಟ್ಟು ಹೋಗ್ತದೆ."

ಎಲ್ಲರೂ ಎಂದರೆ ಅಜ್ಜಿಯೂ. ಅದು ನನ್ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಮುಂದಿನ ಭಾನುವಾರ ಕಾಕ ಅಜ್ಜಿಯ ರವಿಕೆ ತಲುಪಿಸುವ ನೆಪದಲ್ಲಿ ನಮ್ಮ ಮನೆಗೇ ಬಂದರು. ಜಗಲಿಯ ಮೆಟ್ಟಿಲ ಬಳಿ ನಿಂತರೇ ಹೊರತು ಮೇಲೆ ಬರಲಿಲ್ಲ.

"ಅಮ್ಮಾ, ನೀವು ಹೊಡೆದ ಮೇಲೆ ಅದು ಕಚ್ಚುದು ಕಡಿಮೆ ಆಗಿದಾ?"

"ಎಲ್ಲಿಂದ ಸಾಯ್ಬ್ರೇ, ಜಾಸ್ತಿಯೇ ಆದದ್ದು."

"ಹಾಗಾದ್ರೆ ಒಂದು ತಿಂಗಳು ಹಿಡಿಸೂಡಿ ಗುಡಿಸ್ಲಿಕ್ಕೆ ಮಾತ್ರ ಇರ್ಲಿ. ಒಂದು ತಿಂಗಳಾದ ಮೇಲೂ ಕಚ್ಚಿದ್ರೆ ಗೋಣಿಯ ಬಾಯಿ ನಾನೇ ಹೊಲಿದು ಕೊಡ್ತೇನೆ."

ಹೇಳಿದ ದಿನಕ್ಕೆ ಕೊಡುವವರ ಮಾತು. ಅಜ್ಜಿ ಒಪ್ಪಿದಳು.

ಆ ತಿಂಗಳು ನಮ್ಮ ಮನೆ ಮನೆಯಾಗಿರಲಿಲ್ಲ, ಒಂದು ಪಂದ್ಯದ ಅಂಗಳವಾಗಿತ್ತು. ನಾನು ಎರಡು ಗಜದ ಲಾಡಿ ಹಿಡಿದು ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾವಿಕಟ್ಟೆಗೆ ಓಡುತ್ತಿದ್ದೆ. ಬೊಳ್ಳ ಇಲಿಯ ಹಿಂದೆ ಹಾರುತ್ತಿತ್ತು. ಅಮ್ಮ ಮೊದಲು ಗೊಣಗಿದಳು, ಆಮೇಲೆ ಅವಳೇ "ಇವತ್ತು ಆಡಿಸಿ ಆಯ್ತಾ? ನಾನು ಕೂರುವುದಾ?" ಎಂದು ಕೇಳತೊಡಗಿದಳು. ಒಂದು ಸಂಜೆ ಅಮ್ಮ ಕಟ್ಟಿನ ಮೇಲೆ ಕಟ್ಟು ಬೀಡಿ ಮುಗಿಸಿದಳು. ಬೊಳ್ಳ ಅವಳ ಪಕ್ಕದಲ್ಲೇ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ನಾನೂ ಅಮ್ಮನೂ ಉಸಿರು ಬಿಗಿಹಿಡಿದು ಒಬ್ಬರನ್ನೊಬ್ಬರು ನೋಡಿದೆವು. ಹತ್ತನೆಯ ದಿನ ಅಜ್ಜಿಯ ಕಾಲ ಬೆರಳಿಗೆ ಕಚ್ಚಿತು. ಅಜ್ಜಿ ಕೈ ಎತ್ತಿದವಳು ಇಳಿಸಿ, ಕಂಬದ ಹಾಗೆ ನಿಂತುಬಿಟ್ಟಳು. ಬೊಳ್ಳ ಇದೇನೆಂದು ಅರ್ಥವಾಗದೆ ಕಾಲು ಬಿಟ್ಟು ಮುಖ ನೋಡಿತು. ಅಜ್ಜಿ ಬೈಯದೆ ಒಳಗೆ ಹೋದಳು. ಆ ದಿನ ನಾನು ಅಂಗಡಿಯವರೆಗೆ ಓಡಿಕೊಂಡೇ ಹೋಗಿ ಸುದ್ದಿ ಹೇಳಿದೆ. ಕಾಕ ಮಿಷನ್ನು ತುಳಿಯುವುದನ್ನು ನಿಲ್ಲಿಸಿ ಎರಡು ಸಲ ಹೇಳಿಸಿ ಕೇಳಿದರು.

ಆದರೆ ಅಕ್ಕ ಬಂದ ದಿನ ಎಲ್ಲ ಮುಳುಗಿಹೋಯಿತು ಅಂದುಕೊಂಡೆ. ಸೀಮಂತದ ಬಳೆಗಳನ್ನು ಮೊಣಕೈವರೆಗೆ ತೊಟ್ಟಿದ್ದ ಅಕ್ಕ ಒಳಗೆ ಕಾಲಿಟ್ಟ ಐದು ನಿಮಿಷದಲ್ಲಿ ಚೀರಿದಳು. ಬೊಳ್ಳ ಅವಳ ಮುಂಗೈಗೆ ಜೋತುಬಿದ್ದಿತ್ತು. ಎರಡು ಬಳೆ ಒಡೆದು ನೆಲದ ಮೇಲೆ. ಅಜ್ಜಿ ಸೀದಾ ಗೋಣಿ ತರಲು ಹೋದಳು.

ನಾನು ಕಾಕನ ಅಂಗಡಿಗೆ ಓಡಿದೆ. ಅವರ ಎದುರು ಯಾರದ್ದೋ ಪ್ಯಾಂಟು ಅರ್ಧ ಹೊಲಿದು ನಿಂತಿತ್ತು. ಅದನ್ನು ಹಾಗೆಯೇ ಬಿಟ್ಟು, ಕಾಯುತ್ತಿದ್ದ ಗಿರಾಕಿಗೆ "ಈಗ ಬರ್ತೇನೆ ಕೂತ್ಕೊಳ್ಳಿ" ಎಂದು ಹೇಳಿ ಹೊರಟರು. ಹೊಲಿಗೆಯ ನಡುವೆ ಅವರು ಎದ್ದದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ.

ನಮ್ಮ ಮನೆಯಲ್ಲಿ ಅಕ್ಕನ ಕೈಯನ್ನು ಸೋಪು ಹಾಕಿ ತೊಳೆದು ಆಗಿತ್ತು. ಹಲ್ಲು ಬಳೆಗೆ ತಾಗಿತ್ತು; ಚರ್ಮದ ಮೇಲೆ ಕೆಂಪು ಗುರುತು ಮಾತ್ರ. ಆದರೂ ಡಾಕ್ಟರಿಗೆ ತೋರಿಸಲೇಬೇಕೆಂದು ಕಾಕ ಮೊದಲು ಹೇಳಿದರು. ಆಮೇಲೆ ಅಕ್ಕನನ್ನು ಕೇಳಿದರು. "ಮಗಾ, ಕಚ್ಚುವಾಗ ನಿನ್ನ ಕೈ ಎಲ್ಲಿತ್ತು?"

ಅಕ್ಕ ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಅದರ ಎದುರಿಗೆ ಬಳೆ ಆಡಿಸಿದ್ದು ಕಾಕಾ. ಮೊದಲಿನ ಹಾಗೆ ಹಾರ್ತದಾ ಅಂತ ನೋಡ್ಲಿಕ್ಕೆ." ಆಮೇಲೆ ಅಜ್ಜಿಯತ್ತ ತಿರುಗಿದಳು, "ಅಜ್ಜಿ, ಗೋಣಿ ಬೇಡ. ನನಗೂ ಯಾರೂ ಹೇಳಿರ್ಲಿಲ್ಲ ಅಲ್ವಾ."

ಅಜ್ಜಿ ಗೋಣಿಯನ್ನು ಕೆಳಗಿಟ್ಟಳು. ನನಗೆ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಬೊಳ್ಳ ಎಲ್ಲಿಂದಲೋ ಬಂದು, ಜಗಲಿಗೆ ಹತ್ತಿ ಕುಳಿತಿದ್ದ ಕಾಕನ ಕಾಲಿಗೆ ಮೈ ಉಜ್ಜಿ, ಮಡಿಲಿಗೇ ಏರಿ ಕುಳಿತಿತು. ಕಾಕ ಅಲುಗಲಿಲ್ಲ. ಎಷ್ಟು ಅಲುಗಲಿಲ್ಲವೆಂದರೆ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಸಂಶಯ ಬಂತು. ಹಣೆಯಿಂದ ಬೆವರು ಇಳಿದು ಗಡ್ಡಕ್ಕೆ ಸೇರುತ್ತಿತ್ತು.

"ಮಗಾ," ಎಂದರು ಮೆಲ್ಲಗೆ, "ಇದನ್ನು ಸ್ವಲ್ಪ ತೆಗೀತೀಯಾ?"

ತೆಗೆದ ಮೇಲೆ ಅಮ್ಮ ತಂದ ನೀರನ್ನು ಒಂದೇ ಗುಟುಕಿಗೆ ಕುಡಿದರು. ಏಳು ವರ್ಷದವರಿದ್ದಾಗ ಬೀದಿಯ ಬೆಕ್ಕೊಂದು ಕಚ್ಚಿತ್ತಂತೆ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಅಂದಿನಿಂದ ಬೆಕ್ಕೆಂದರೆ ಜೀವ ಹೋಗುವಷ್ಟು ಹೆದರಿಕೆ. ಆದರೆ ಅಂಗಡಿ ಸಿಕ್ಕಿದ್ದು ಒಣಮೀನಿನ ಪಕ್ಕದಲ್ಲಿ. ಇಪ್ಪತ್ತು ವರ್ಷ ಮಿಷನ್ನು ತುಳಿಯುತ್ತಾ, ಹಲಗೆಯ ಆಚೆ ತಿರುಗುವ ಬೆಕ್ಕುಗಳ ಬಾಲ, ಕಿವಿಗಳ ಮೇಲೆಯೇ ಅವರ ಕಣ್ಣು.

"ಪ್ರೀತಿ ಇದ್ದವ ಇಷ್ಟು ನೋಡುದಿಲ್ಲ," ಎಂದು ನಕ್ಕರು. "ಹೆದರುವವ ನೋಡ್ತಾನೆ."

"ಹೆದರಿಕೆ ಉಂಟು ಅಂದ್ರೆ ಯಾಕೆ ಬಂದದ್ದು ಸಾಯ್ಬ್ರೇ?" ಎಂದು ಅಜ್ಜಿ ಕೇಳಿದಳು.

"ಈ ಹುಡುಗಿ ನನ್ನ ಅಂಗಡಿಯಲ್ಲಿ ನಿಂತು ಅತ್ತದ್ದಲ್ವಾ ಅಮ್ಮಾ," ಎಂದಷ್ಟೇ ಹೇಳಿ ಚಪ್ಪಲಿ ಹಾಕಿಕೊಂಡರು. ಆ ಪ್ಯಾಂಟಿನ ಗಿರಾಕಿ ಕಾಯುತ್ತಿದ್ದ.

ಚರ್ಮ ಒಡೆದಿಲ್ಲ, ಭಯ ಬೇಡ ಎಂದು ಡಾಕ್ಟರು ಹೇಳಿದರು. ಅಪ್ಪ ಬೊಳ್ಳನನ್ನು ಬುಟ್ಟಿಯಲ್ಲಿ ಬೆಳ್ತಂಗಡಿಗೆ ಒಯ್ದು ಪಶುವೈದ್ಯರಿಂದ ಇಂಜೆಕ್ಷನ್ ಹಾಕಿಸಿದರು. ಹಾಗೆ ಬೊಳ್ಳ ಅಪ್ಪನ ಬಸ್ಸು ಹತ್ತಿತು, ಆದರೆ ವಾಪಸ್ಸು ಬಂತು. ಅಕ್ಕನಿಗೆ ಗಂಡುಮಗು. ತಿಂಗಳುಗಟ್ಟಲೆ ನಾವು ಮಗುವನ್ನೂ ಬೊಳ್ಳನನ್ನೂ ಒಂದೇ ಕೋಣೆಯಲ್ಲಿ ಬಿಡಲಿಲ್ಲ. ಮಗು ಅಂಬೆಗಾಲಿಡುವಾಗ ಒಂದು ದಿನ ನಮ್ಮ ಕಣ್ಣೆದುರೇ ಬೊಳ್ಳನ ಬಾಲವನ್ನು ಮುಷ್ಟಿ ತುಂಬ ಹಿಡಿಯಿತು. ನಾನು ಹಾರಿ ಹೋಗುವಷ್ಟರಲ್ಲಿ ಬೊಳ್ಳ ತಿರುಗಿ ನೋಡಿ, ಬಾಲ ಬಿಡಿಸಿಕೊಂಡು, ಎದ್ದು ಹೊರಟುಹೋಯಿತು. ಕಚ್ಚಿದರೆ ನಾವು ಎದ್ದು ಹೋಗುತ್ತಿದ್ದೆವಲ್ಲ, ಹಾಗೆಯೇ.

ಮುಂದೆ ನಾನು ಮೂಡುಬಿದಿರೆಯಲ್ಲಿ ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಟೀಚರಾದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮೂರೂವರೆ ವರ್ಷದ ಹುಡುಗಿಯೊಬ್ಬಳು ಬಂದಳು, ಕಚ್ಚುವವಳು. ಉಳಿದ ಮಕ್ಕಳ ತಾಯಂದಿರು ಗೇಟಿನಲ್ಲಿ ನಿಂತು, ಅವಳನ್ನು ಬಿಡಿಸಿ ಎಂದು ಕೂಗಾಡಿದರು. ನಾನು ಒಂದು ವಾರದ ಸಮಯ ಕೇಳಿಕೊಂಡೆ. ವಾರವಿಡೀ ನೋಡಿ ನೋಡಿ ಬರೆದೆ. ಆಟದಲ್ಲಿ ಕಚ್ಚುವುದಿಲ್ಲ, ಊಟದಲ್ಲಿ ಕಚ್ಚುವುದಿಲ್ಲ. ಕೈ ತೊಳೆಯುವ ಸಾಲಿನಲ್ಲಿ ಹಿಂದಿನ ಮಕ್ಕಳು ಮೈಮೇಲೆ ಬಿದ್ದಾಗ ಮಾತ್ರ. ಅವಳನ್ನು ಸಾಲಿನ ಕೊನೆಗೆ, ಹಿಂದೆ ಯಾರೂ ಇಲ್ಲದ ಜಾಗದಲ್ಲಿ ನಿಲ್ಲಿಸಿದೆ. ಕಚ್ಚುವುದು ನಿಂತಿತು.

ಆ ಶನಿವಾರವೇ ವೇಣೂರಿಗೆ ಹೋದೆ. ಕಾಕನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಣ್ಣು ಮಂಜಾಗಿತ್ತು, ಅಂಗಡಿ ಮುಚ್ಚಿ ಮನೆಯಲ್ಲೇ ಮಲಗಿದ್ದರು. ನಾನು ಎಲ್ಲ ಹೇಳಿದೆ, ಎಂಟನೇ ಕ್ಲಾಸಿನವಳ ಹಾಗೆ ಉಸಿರು ಬಿಡದೆ. ಅವರು ಕೊನೆಯವರೆಗೆ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಯಾರಾದ್ರೂ ಆ ಮಗುವಿಗೆ ಹೊಡೆದ್ರಾ?"

"ಇಲ್ಲ ಕಾಕಾ."

"ಹಾಗಾದ್ರೆ ಒಳ್ಳೆ ಟೀಚರ್ ನೀನು."

ಎರಡು ವಾರಗಳಲ್ಲಿ ಅವರು ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವರ ಹೆಂಡತಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಕೊನೆಯ ಬಸ್ಸಿಗೆ ವಾಪಸ್ಸು ಬಂದೆ.

ಮರುದಿನ ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳು ಕೈ ತೊಳೆಯಲು ನಿಂತಿದ್ದರು. ತಡವಾಗಿ ಬಂದ ಪುಟ್ಟದೊಂದು ಆ ಹುಡುಗಿಯ ಬೆನ್ನಿಗೆ ಬಂದು ಢಿಕ್ಕಿ ಹೊಡೆಯಿತು. ನಾನು ಓಡಲು ಎದ್ದೆ. ಅವಳು ತಿರುಗಿ ನೋಡಿ, ಪಕ್ಕಕ್ಕೆ ಸರಿದು, "ನೀನು ಮುಂದೆ ಹೋಗು" ಎಂದಳು.

ಈ ಶನಿವಾರವೇ ಹೋಗಿ ಕಾಕನಿಗೆ ಹೇಳಬೇಕು ಅಂದುಕೊಂಡೆ. ಅಂದುಕೊಂಡ ಮೇಲೆ ನೆನಪಾಯಿತು.