ಎಲ್ಲಿಗೆ ಎಂದು ಕೇಳಬಾರದ ಊರು

ನನ್ನ ಬಾಯಿ ಮೊದಲಿನಿಂದಲೂ ನನ್ನ ಮಾತು ಕೇಳಿದ್ದಿಲ್ಲ. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನಿಂದ ದೇವದುರ್ಗದ ಒಂದು ಶಾಲೆಗೆ ಇಂಗ್ಲಿಷ್ ಕಲಿಸಲು ಹೋದವಳು ಮೂರನೇ ದಿನವೇ ಬೈಸಿಕೊಂಡೆ. ನನಗೆ ಕೋಣೆ ಬಾಡಿಗೆ ಕೊಟ್ಟಿದ್ದ ವ್ಯಾಪಾರಿ ಅಂಗಳ ದಾಟುತ್ತಿದ್ದರು. "ಎಲ್ಲಿಗೆ ಹೊಂಟ್ರೀ?" ಎಂದುಬಿಟ್ಟೆ. ಅವರು ತಿರುಗಿ ಬಂದು, ಕುಳಿತು, ನೀರು ಕುಡಿದು, ಆಮೇಲೆ ಮತ್ತೆ ಹೊರಟರು.

"ಟೋಕೋ ನಕ್ಕೋ ಬೇಟಿ," ಎಂದು ಅವರ ಹೆಂಡತಿ ದಖನಿಯಲ್ಲಿ ಗದರಿ, ನನಗಾಗಿ ಕನ್ನಡಕ್ಕೆ ಬಂದರು. ಅವರನ್ನು ನಾನು ಅವರ ಭಾಷೆಯಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. "ಹೊಂಟವರಿಗೆ ಎಲ್ಲಿಗೆ ಅಂತ ಕೇಳಬಾರದು. ಹೋದ ಕೆಲಸ ಕೆಡತದ. ನಿಮ್ಮವ್ವ ಹೇಳಿಲ್ಲೇನು?"

ಹೇಳಿದ್ದಳು. ಹೇಳಿ ಹೇಳಿ ಸೋತಿದ್ದಳು.

"ಮತ್ತ ಎಲ್ಲಿಗೆ ಹೋದ್ರಂತ ನಿಮಗ ಹ್ಯಾಂಗ ತಿಳೀತದ್ರೀ?"

"ಕಣ್ಣಿಲ್ಲೇನು? ಖಾಲಿ ಚೀಲ ಮಡಚಿ ಬಗಲಾಗ ಇಟ್ಕೊಂಡಾರ. ಮಾನ್ವಿ ಸಂತಿಗೇ ಹೊಂಟಾರ. ರಾಯಚೂರಿಗಾದ್ರ ಟೋಪಿ ಬದಲಿಸತಿದ್ರು."

ನನ್ನದು ತಾತ್ಕಾಲಿಕ ಕೆಲಸ. ತಿಂಗಳ ಕೊನೆಗೆ ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ಒಪ್ಪಿದರೆ ಉಳಿಯುವುದು, ಇಲ್ಲವಾದರೆ ಗಂಟುಮೂಟೆ ಕಟ್ಟುವುದು. ಆ ತಿಂಗಳ ಪಾಠವೋ, ಕಂಡ ಗುರುತಿನಿಂದ ಊಹಿಸಿ, ಆ ಊಹೆ ಎಷ್ಟು ಗಟ್ಟಿ ಎಂದು ಹೇಳುವ ಶಬ್ದಗಳದ್ದು. ಖಂಡಿತ ಎನಿಸಿದರೆ ಮಸ್ಟ್, ಇರಬಹುದು ಎನಿಸಿದರೆ ಮೇ, ಇನ್ನೂ ಅನುಮಾನವಿದ್ದರೆ ಮೈಟ್, ಸಾಧ್ಯವೇ ಇಲ್ಲವೆಂದರೆ ಕಾಂಟ್. ಪುಸ್ತಕದ ತುಂಬ ಲಂಡನ್ನಿನ ಮಂಜು ಮತ್ತು ಬಾಗಿಲ ಗಂಟೆ. ಒಂಬತ್ತನೇ ತರಗತಿಯ ಹುಡುಗಿಯರು ಆಕಳಿಸಿ ಆಕಳಿಸಿ ನನಗೂ ಅಂಟಿಸಿದರು. ಸಿಟ್ಟಿಗೆ ಪುಸ್ತಕ ಮುಚ್ಚಿಬಿಟ್ಟೆ.

ಕಿಟಕಿಯಾಚೆ ಬಸ್‌ಸ್ಟ್ಯಾಂಡಿನ ದಾರಿ. ಒಬ್ಬ ಮುದುಕ ಬರಿಗಾಲಲ್ಲಿ ಹೊರಟಿದ್ದ. ಹಣೆ ತುಂಬ ವಿಭೂತಿ, ಕೈಯಲ್ಲಿ ತೆಂಗಿನಕಾಯಿ. ನನಗೆ ಖಾಲಾ ನೆನಪಾದರು.

"ಆ ಯಪ್ಪ ಎಲ್ಲಿಗೆ ಹೊಂಟಾನ? ಕೇಳಬ್ಯಾಡ್ರಿ, ನೋಡಿ ಹೇಳ್ರಿ."

ಇಡೀ ತರಗತಿ ಕಿಟಕಿಗೆ ಮುತ್ತಿತು. "ಹೀ ಮಸ್ಟ್ ಬಿ ಗೋಯಿಂಗ್ ಟು ಗೂಗಲ್!"

ಹೊಳೆದಂಡೆಯ ಗೂಗಲ್ ಊರಿನ ಅಲ್ಲಮಪ್ರಭುವಿನ ಗುಡಿಗಲ್ಲದೆ ಮತ್ತೆಲ್ಲಿಗೆ? ಹಿಂದೆಯೇ ಬರಿ ಹಗ್ಗ ಹಿಡಿದು ಬಂದವನು ಆಡು ಕೊಳ್ಳಲು ಹೊರಟಿರಬಹುದು, ಅದಕ್ಕೆ ಮೇ. ಕಳೆದ ಆಡನ್ನು ಹುಡುಕುತ್ತಿದ್ದರೂ ಇದ್ದಾನು, ಅದಕ್ಕೆ ಮೈಟ್. ಗೇಟು ದಾಟಿದ ಹೆಡ್‌ಮಾಸ್ತರರು ಮನೆಗೆ ಹೋಗುತ್ತಿರಲು ಸಾಧ್ಯವೇ ಇಲ್ಲ, ಅವರ ಸೈಕಲ್ಲು ಇಲ್ಲೇ ಇದೆ. ಚಹಾದಂಗಡಿಗೇ ಸೈ! ಕೇಳದೆ ತಿಳಿಯುವುದನ್ನು ಹುಟ್ಟಿನಿಂದ ಕಲಿತ ಮಕ್ಕಳಿಗೆ ನಾನು ಕೊಡಬೇಕಾದದ್ದು ನಾಲ್ಕು ಶಬ್ದ ಅಷ್ಟೇ. ಮುಂದಿನ ದಿನಗಳಲ್ಲಿ ನನಗೆ ಶಾಲೆಯೆಂದರೆ ಹಬ್ಬವಾಗಿಬಿಟ್ಟಿತು.

ಆದರೆ ಹೆಡ್‌ಮಾಸ್ತರರು ಹೆದರಿಸಿದರು. ಈ ಇನ್ಸ್‌ಪೆಕ್ಟರು ಪುಸ್ತಕ ಬಿಟ್ಟು ಒಂದಕ್ಷರ ಆಚೆ ಹೋದರೂ ಸಹಿಸುವುದಿಲ್ಲವಂತೆ. ಕಿಟಕಿಯ ಪಾಠ ಬಿಡಲು ನನಗೆ ಮನಸ್ಸಾಗಲಿಲ್ಲ, ಕೆಲಸ ಉಳಿಯುವ ನಂಬಿಕೆಯೂ ಇರಲಿಲ್ಲ. ಅವರು ಬರುವ ಹಿಂದಿನ ದಿನ ಯಾರಿಗೂ ಹೇಳದೆ ಟ್ರಂಕಿಗೆ ಹಗ್ಗ ಬಿಗಿದೆ. ಎರವಲು ತಂದಿದ್ದ ರೊಟ್ಟಿ ಹಂಚನ್ನು ತಿಕ್ಕಿ ಖಾಲಾಗೆ ವಾಪಸು ಕೊಟ್ಟೆ. ಖಾಲಾ ಏನೂ ಕೇಳಲಿಲ್ಲ. ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಇನ್ಸ್‌ಪೆಕ್ಟರು ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯ ಪಾಠವನ್ನು ನಗದೆ ನೋಡಿದರು. ತಪಾಸಣೆಯ ಪುಸ್ತಕದಲ್ಲಿ ಬಹಳ ಹೊತ್ತು ಬರೆದರು. ಕೊನೆಗೆ ಎದ್ದು ನಿಂತರು.

"ದಾರಿಹೋಕರ ಸುದ್ದಿ ಸಾಕು. ನಿಮ್ಮ ಈ ಇಂಗ್ಲಿಷ್ ಅಕ್ಕೋರ ಬಗ್ಗೆ ಒಂದು ಮಾತು ಹೇಳ್ರಿ ನೋಡೋಣ."

ಅದೇ ತರಗತಿಯಲ್ಲಿದ್ದ ಖಾಲಾನ ಮಗಳು ತಲೆ ತಗ್ಗಿಸಿ ಎದ್ದಳು. "ಷಿ ಮಸ್ಟ್ ಬಿ ಲೀವಿಂಗ್, ಸರ್."

"ಹೊಂಟಾರಂತ ಹ್ಯಾಂಗ ಹೇಳ್ತಿ?"

"ಟ್ರಂಕಿಗೆ ಹಗ್ಗ ಬಿಗಿದಾರ್ರೀ. ನಮ್ಮ ಹಂಚು ವಾಪಸು ಕೊಟ್ಟಾರ."

"ನನಗ ತಮ್ಮ ಡಿಕ್ಷನರಿ ಕೊಟ್ಟಾರ್ರೀ," ಎಂದು ಇನ್ನೊಬ್ಬಳು ಅಳಲು ಶುರುಮಾಡಿದಳು.

"ಎಲ್ಲಿಗಂತ ಕೇಳಲಿಲ್ಲೇನು?"

"ಹೊಂಟವರಿಗೆ ಕೇಳಬಾರದಲ್ರೀ ಸರ್."

ಬಾಯಿಬಡುಕಿಯಾದ ನನ್ನ ಒಳಗುಟ್ಟನ್ನು ಇವರು ಬಾಯಿ ಬಿಡದೆ ಓದಿ, ನನ್ನ ಕೆಲಸ ಕೆಡಬಾರದೆಂದು ನುಂಗಿಕೊಂಡು ಕುಳಿತಿದ್ದರು! ಇನ್ಸ್‌ಪೆಕ್ಟರು ತಪಾಸಣೆಯ ಪುಸ್ತಕವನ್ನು ಖಾಲಾನ ಮಗಳ ಮುಂದೆ ಹಿಡಿದರು. "ಒಂದು ಗುರುತು ನೀ ನೋಡಿಲ್ಲ. ಇದನ್ನ ಓದಿ ಈಗ ಹೇಳು."

ಅವಳು ಬೆರಳಿಟ್ಟು ಓದಿದಳು. ಇವರನ್ನು ಇಲ್ಲಿಯೇ ಮುಂದುವರಿಸತಕ್ಕದ್ದು ಎಂದಿತ್ತು. ಎರಡನೇ ಸಲವೂ ಓದಿದಳು. ಆಮೇಲೆ ಕಿಟಕಿಯ ಗುಬ್ಬಿಗಳೆಲ್ಲ ಹಾರುವಂತೆ ಕೂಗಿದಳು:

"ಷಿ ಕಾಂಟ್ ಬಿ ಲೀವಿಂಗ್, ಸರ್!"

ಸಂಜೆ ಓಡುತ್ತಲೇ ಮನೆಗೆ ಬಂದೆ. ಸುದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಖಾಲಾ ನನ್ನ ಮುಖವನ್ನೊಮ್ಮೆ ನೋಡಿದರು. ಒಳಗೆ ಹೋಗಿ ಹಂಚು ತಂದು ನನ್ನ ಒಲೆಯ ಮೇಲಿಟ್ಟರು.