ಹೊಳೆಯ ತಿಂಗಳು

ಬೋವಿಕಾನದ ನಮ್ಮ ವಾಚನಾಲಯದಲ್ಲಿ ತಿಂಗಳಿಗೊಂದು ವಿಷಯ ಕೊಡುತ್ತಾರೆ. ಅದಕ್ಕೆ ಹೊಂದುವ ಪುಸ್ತಕ ಆರಿಸಿ ಓದಬೇಕು. ಕನ್ನಡದ ಕಪಾಟಿನಲ್ಲಿ ಸಿಗದಿದ್ದರೆ ನನ್ನವರು ಮಲಯಾಳದ್ದು ತಂದು, ಓದುತ್ತಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಈ ತಿಂಗಳ ವಿಷಯ ಹೊಳೆ ಎಂದು ತಿಳಿದಾಗ ಹೋಗುವ ಮನಸ್ಸಾಯಿತು. ಕನ್ನಡದಲ್ಲಿ ಹೊಳೆಯ ಪುಸ್ತಕ ಒಂದೂ ಸಿಗಲಿಲ್ಲ. ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ನನಗೆ ಬರುತ್ತದೆ. ದೊಡ್ಡ ಅಕ್ಷರದ, ಚಿತ್ರಗಳಿರುವ ಒಂದು ಮಲಯಾಳ ಪುಸ್ತಕ ಆರಿಸಿದೆ.

“ಇದು ಸಣ್ಣ ಮಕ್ಕಳದ್ದು ಅಕ್ಕಾ, ನಿಮಗೆ ಎಂತಕ್ಕೆ?” ಎಂದರು ಲೈಬ್ರರಿಯವರು.

“ಅದರಲ್ಲಿ ಹೊಳೆ ಉಂಟಲ್ಲ?”

ಅವರು ನಕ್ಕು ಪುಸ್ತಕ ಕೊಟ್ಟರು. ಮನೆಗೆ ಬಂದು, ಅಕ್ಷರ ಕೂಡಿಸಿ ಕೂಡಿಸಿ ಮೊದಲ ಪುಟ ಜೋರಾಗಿ ಓದಿದೆ. ಯಾರೂ ಹೇಳಿಕೊಡದೆಯೇ ಅರ್ಥವಾಯಿತು.